ಬಂದೂಕಿನ ಬದಲು ಗುದ್ದಲಿ

ಎನ್ನೆಸ್ಸೆಸ್ ಶಿಬಿರದಲ್ಲಿ ನೀವೂ ಗುದ್ದಲಿ ಹಿಡಿದಿರಬಹುದು. ಇಂಥ ಶಿಬಿರಗಳ ಚರಿತ್ರೆಯ ಒಂದು ಪುಟ ಇಲ್ಲಿದೆ.

ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ ಫ್ರಾನ್ಸಿನ ವರ್ಡನ್ ರಣಭೂಮಿಯ ಬಳಿ ಹಾಳಾದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಸ್ವಯಂಸೇವಕರನ್ನು ಕೂಡಿಸಿದರು. ಅವರಲ್ಲಿ ಜರ್ಮನ್ನರೂ ಇದ್ದರು! ನಿನ್ನೆಯ ಶತ್ರುವಿನ ನೆರವಿಗೆ ಸ್ಥಳೀಯ ವಿರೋಧ ಎದ್ದಿತು. ಕೆಲವೇ ತಿಂಗಳಲ್ಲಿ ಕೆಲಸ ನಿಂತಿತು. ವಿಚಾರ ಮಾತ್ರ ನಿಲ್ಲಲಿಲ್ಲ. 1934ರ ಬಿಹಾರ ಭೂಕಂಪದ ನಂತರ ಅದೇ ಸೆರೆಸೋಲ್ ಇಲ್ಲಿಗೂ ಬಂದು ಹಳ್ಳಿ ಕಟ್ಟಲು ದುಡಿದರು.

ಗಾಂಧೀಜಿ ಜನ್ಮಶತಾಬ್ದಿಯ 1969ರಲ್ಲಿ ನಮ್ಮ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಮರುವರ್ಷ ವಿಶ್ವಸಂಸ್ಥೆಯೂ ತನ್ನ ಸ್ವಯಂಸೇವಕ ಯೋಜನೆಗೆ ಒಪ್ಪಿಗೆ ನೀಡಿತು.

ನೀವು ಹಾಕಿದ ರಸ್ತೆ ಮಳೆಗೆ ಕೊಚ್ಚಿಹೋಗಬಹುದು. ಊರವರ ವಿಶ್ವಾಸ ಗಳಿಸಿದಿರಾ? ಅದೇ ನಿಜವಾದ ಕೆಲಸ.