ಚೆಕ್ಕುಬಂದಿಯೊಳಗಿನ ಊರು: ಬಜಪೆಯ ನೆಲ ತುಂಡಾದ ಚರಿತ್ರೆ

ಬಜಪೆಯ ಆಸುಪಾಸಿನಲ್ಲಿ ಜಾಗ ನೋಡಲು ಹೊರಟವರ ಕೈಗೆ ಮೊದಲು ಬರುವ ಕಾಗದ ಆರ್‌ಟಿಸಿ, ಅಂದರೆ ಪಹಣಿ. ಅದರ ತಲೆಯ ಮೇಲೆ ಒಂದು ಸರ್ವೆ ನಂಬ್ರ. ಮಾದರಿಗೆ 124/2ಎ3ಪಿ1 ಎಂಬ ನಂಬ್ರವನ್ನೇ ಇಟ್ಟುಕೊಳ್ಳೋಣ. 124 ಎಂಬುದು ಮದ್ರಾಸ್ ಸರ್ಕಾರದ ಕಾಲದ ಸರ್ವೆಯವರು ಇಡೀ ತಾಕಿಗೆ ಕೊಟ್ಟ ಅಂಕಿ. ಓರೆಗೆರೆಯ ಆಚೆಗಿನ 2 ಮೊದಲ ಹಿಸ್ಸೆ. ‘ಎ’ ಬಂದದ್ದು ಯಾವುದೋ ಪಾಲುಪಟ್ಟಿಯಲ್ಲಿ, 3 ಬಂದದ್ದು ಮುಂದಿನ ತಲೆಮಾರಿನ ಮಾರಾಟದಲ್ಲಿ ಇರಬಹುದು. ಕೊನೆಯ ‘ಪಿ1’ ಅಂದರೆ ಪೈಕಿ: ಹಕ್ಕು ಕಾಗದದಲ್ಲಿ ಬೇರೆಯಾಗಿದೆ, ಸರ್ವೆಯವರು ಸರಪಳಿ ಹಿಡಿದು ಅಳೆದು ಪೋಡಿ ಮಾಡಿಲ್ಲ. ಒಂದೇ ಸಾಲಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ವಂಶಾವಳಿ ಇದೆ. ಮನುಷ್ಯರದ್ದಲ್ಲ, ಮಣ್ಣಿನದ್ದು.

ಈ ಲೇಖನದ ವಾದ ಇಷ್ಟು. ಬಜಪೆಯಲ್ಲಿ ನೆಲವನ್ನು ಹೇಗೆ ತುಂಡು ಮಾಡಬೇಕು, ಯಾವುದನ್ನು ಯಾವುದಕ್ಕೆ ಬಳಸಬೇಕು ಎಂಬ ತೀರ್ಮಾನ ಯೋಜನಾ ಕಚೇರಿಯಲ್ಲಿ ಮೊದಲು ಆದದ್ದು ವಿರಳ. ಗದ್ದೆಯ ಮಟ್ಟ, ಕುಟುಂಬದ ಪಾಲು, ಭೂನ್ಯಾಯ ಮಂಡಳಿ, ವಿಮಾನ ನಿಲ್ದಾಣ, ಕೈಗಾರಿಕೆಯ ಅಧಿಸೂಚನೆ ಇವು ಗೆರೆ ಎಳೆದಾದ ಮೇಲೆ ನಕ್ಷೆಯ ಅನುಮೋದನೆ ಹಿಂದಿನಿಂದ ಬಂತು. ಪ್ರತಿ ಸಲವೂ ಗೆರೆಗಳ ನಡುವೆ ಕಳೆದುಹೋದದ್ದು ಯಾರೊಬ್ಬರದ್ದೂ ಅಲ್ಲದ, ಎಲ್ಲರಿಗೂ ಬೇಕಾದ ನೆಲ: ತೋಡು, ಗದ್ದೆಯ ಬದುವಿನ ದಾರಿಯಾದ ಕಟ್ಟಪುಣಿ, ಕುಮ್ಕಿ.

ತುಳುನಾಡಿನ ರೈತನಿಗೆ ವಲಯ ವಿಂಗಡಣೆ ಹೊಸ ವಿದ್ಯೆಯೇನಲ್ಲ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದರ ಮೇಲಿನ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಒಂದು. ಗದ್ದೆಗಳಿಗಿಂತ ಮೇಲೆ ಪುಂಜ, ಅದಕ್ಕೂ ಮೇಲೆ ಮುರಕಲ್ಲಿನ ಬೋಳು ಪದವು. ಮನೆ ಕಟ್ಟುತ್ತಿದ್ದದ್ದು ಗದ್ದೆಯ ಅಂಚಿನಲ್ಲಿ, ನೀರು ಮುಟ್ಟದ ಎತ್ತರದಲ್ಲಿ. ಬೈಲಿನಲ್ಲಿ ಮನೆ ಕಟ್ಟಬಾರದೆಂದು ಯಾವ ಕಾನೂನೂ ಹೇಳಬೇಕಾಗಿರಲಿಲ್ಲ. ಆಟಿ ತಿಂಗಳ ಒಂದೇ ಮಳೆ ಅದನ್ನು ಹೇಳುತ್ತಿತ್ತು.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದಾಗ ಇಲ್ಲಿಯ ಭೂಮಿ ಹಿಂದಿನಿಂದಲೂ ಖಾಸಗಿ ಸ್ವತ್ತು ಎಂಬುದನ್ನು ಗುರುತಿಸಿ ವರದಿ ಮಾಡಿದ. ಹಿಡುವಳಿಯ ಘಟಕ ‘ವರ್ಗ’. ಒಂದು ವರ್ಗದ ಜಮೀನು ಒಂದೇ ಕಡೆ ಇರಬೇಕೆಂದಿಲ್ಲ; ಬೈಲಿನಲ್ಲೊಂದು ಚೂರು, ಬೆಟ್ಟಿನಲ್ಲೊಂದು, ಪಕ್ಕದ ಊರಲ್ಲಿ ಮತ್ತೊಂದು. ವರ್ಗಕ್ಕೆ ತಾಗಿದ ಸರ್ಕಾರಿ ನೆಲದಲ್ಲಿ ನೂರು ಗಜದವರೆಗೆ ಸೊಪ್ಪು, ತರಗೆಲೆ, ಹುಲ್ಲು, ಸೌದೆ ತರುವ ಸವಲತ್ತಿಗೆ ಕುಮ್ಕಿ ಎಂದು ಹೆಸರು. ಕುಮ್ಕಿಯನ್ನು ಬರೀ ರಿಯಾಯಿತಿ ಎಂದು ಓದಿದರೆ ಅರ್ಥ ತಪ್ಪುತ್ತದೆ. ಗುಡ್ಡೆಯ ಸೊಪ್ಪು ಹಟ್ಟಿಗೆ ಬಂದು ಗೊಬ್ಬರವಾಗಿ ಬೈಲಿಗೆ ಇಳಿಯಬೇಕು. ಕುಮ್ಕಿ ಇಲ್ಲದ ಗದ್ದೆ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ನೆಲದ ಎರಡು ಬಳಕೆಗಳನ್ನು ಒಂದಕ್ಕೊಂದು ಕಟ್ಟಿಹಾಕಿದ ಇಷ್ಟು ಗಟ್ಟಿಯಾದ ನಿಯಮವನ್ನು ನಂತರ ಬಂದ ನಮ್ಮ ಯಾವ ಮಹಾಯೋಜನೆಯಲ್ಲೂ ನಾನು ಕಂಡಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಆ ಸವಲತ್ತನ್ನು ಉಳಿಸಿತು. ಆದರೆ ಒಡೆತನದ ಕಾಲಮ್ಮಿನಲ್ಲಿ ಅದು ‘ಸರ್ಕಾರ’ ಎಂದೇ ಉಳಿಯಿತು. ಮುಂದೆ ಮನೆನಿವೇಶನಕ್ಕಾಗಲಿ, ರಸ್ತೆಗಾಗಲಿ, ದೊಡ್ಡ ಯೋಜನೆಗಾಗಲಿ ನೆಲ ಬೇಕಾದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು ಎಂಬುದಕ್ಕೆ ಇಂದಿಗೂ ದಿನಬಳಕೆಯ ಸಾಕ್ಷಿ ಸೆಂಟ್ಸ್. ಹಳೆ ಮೈಸೂರಿನವರು ಎಕರೆಯನ್ನು ನಲವತ್ತು ಗುಂಟೆ ಮಾಡುತ್ತಾರೆ, ಇಲ್ಲಿಯವರು ನೂರು ಸೆಂಟ್ಸ್. ಅಡಂಗಲ್ ಎಂಬ ಹಳೆಯ ಪಹಣಿ ಹೋಗಿ ಆರ್‌ಟಿಸಿ ಬಂತು, ತಾಕಿನ ಅಳತೆಯ ಎಫ್‌ಎಂಬಿ ನಕ್ಷೆ ಮಾತ್ರ ಸರ್ವೆಯವರ ಬಾಯಲ್ಲಿ ಹಾಗೇ ಇದೆ.

ಇಷ್ಟಾದರೂ ನೆಲ ದೊಡ್ಡ ತುಂಡುಗಳಲ್ಲೇ ಉಳಿದದ್ದಕ್ಕೆ ಮುಖ್ಯ ಕಾರಣ ಅಳಿಯಸಂತಾನ. ಹೆಣ್ಣಿನ ಸಂತತಿಯಲ್ಲಿ ಸಾಗುವ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಪಾಲು ಕೊಡಿ ಎಂದು ಒತ್ತಾಯಿಸಿ ಒಡೆಸುವಂತಿಲ್ಲ ಎಂಬ ಕಟ್ಟಳೆಯನ್ನು ಮದ್ರಾಸ್ ಹೈಕೋರ್ಟು 19ನೇ ಶತಮಾನದಲ್ಲೇ ಎತ್ತಿಹಿಡಿದಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಇನ್ನಷ್ಟು ಸಡಿಲಿಸಿತು. ನೆಲ ವಿಭಜನೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನಗರ ಯೋಜನೆಯ ಕಾಯ್ದೆಯಿಂದ ಶುರುಮಾಡುತ್ತಾರೆ. ಈ ಕರಾವಳಿಯ ಮಟ್ಟಿಗೆ ಆ ಚರಿತ್ರೆ 1949ರಿಂದ ಶುರುವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪಾಲುಪಟ್ಟಿ ಬರೆದವರು ನ್ಯಾಯವಾಗಿಯೇ ಬರೆದರು: ಪ್ರತಿ ಕವರಿಗೂ ಬೈಲಿನಲ್ಲೊಂದು ಪಟ್ಟಿ, ಬೆಟ್ಟಿನಲ್ಲೊಂದು ಪಟ್ಟಿ, ತೆಂಗಿನ ತೋಟದಲ್ಲೊಂದು. ಹಂಚಿಕೆ ಸಮನಾಯಿತು, ತುಂಡುಗಳು ಮಾತ್ರ ರಿಬ್ಬನ್ನಿನಂತೆ ಉದ್ದುದ್ದವಾದವು. ಇಂದು ಬಜಪೆ, ಪೆರ್ಮುದೆ, ಎಕ್ಕಾರಿನ ಕಡೆ ಮನೆಗಳ ಸಾಲು ವಿಚಿತ್ರವಾಗಿ ಓರೆಯಾಗಿ ನಿಂತದ್ದು ಕಂಡರೆ, ಅದರಡಿಯಲ್ಲಿ ಇಂಥದೊಂದು ಪಟ್ಟಿ ಮಲಗಿರುತ್ತದೆ.

ಎರಡನೆಯ ದೊಡ್ಡ ವಿಭಜನೆ ಭೂಸುಧಾರಣೆಯದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಗೇಣಿ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಯಿತು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎಂದೇ ಹೆಸರು. ಚಾಲಗೇಣಿಯಲ್ಲಿ ಅಕ್ಕಿ ಮುಡಿ ಹೊತ್ತು ಧನಿಯ ಅಂಗಳಕ್ಕೆ ಹೋಗುತ್ತಿದ್ದವರು ಭೂಮಾಲಿಕರಾದರು. ಕರ್ನಾಟಕದಲ್ಲಿ ಈ ಕಾಯ್ದೆ ನಿಜವಾಗಿ ಕೆಲಸ ಮಾಡಿದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಮುಂಚೂಣಿಯಲ್ಲಿದೆ. ಅದರ ಬಗ್ಗೆ ನನಗಿರುವುದು ಗೌರವವೇ. ಆದರೆ ಭೂನ್ಯಾಯ ಮಂಡಳಿ ತೀರ್ಮಾನಿಸಿದ್ದು ಉಳುವವನು ಯಾರು ಎಂಬುದನ್ನು. ಆ ಗದ್ದೆಗೆ ದಾರಿ ಎಲ್ಲಿಂದ, ಮೇಲಿನ ಗದ್ದೆಯ ನೀರು ಯಾರ ಹುಣಿ ಒಡೆದು ಇಳಿಯಬೇಕು ಎಂಬ ಪ್ರಶ್ನೆಗಳು ಅದರ ಮುಂದೆ ಇರಲಿಲ್ಲ. ಒಬ್ಬನೇ ಧನಿಯ ಕೈಕೆಳಗೆ ಹೊಂದಿಕೊಂಡು ಹೋಗುತ್ತಿದ್ದ ನೀರು, ದಾರಿಗಳಿಗೆ ಈಗ ಹತ್ತು ಮಂದಿ ಮಾಲಿಕರು. ಮುಂದೆ ಆಳು ಸಿಗದೆ, ಮುಂಬಯಿ ಮತ್ತು ಕೊಲ್ಲಿಯ ದುಡಿಮೆ ಊರಿಗೆ ಬರತೊಡಗಿದ ಮೇಲೆ, ಆ ಗದ್ದೆಗಳೇ ಸೆಂಟ್ಸಿನ ಲೆಕ್ಕದಲ್ಲಿ ಮಾರಾಟವಾದವು.

ಈ ನಡುವೆ ಪದವಿನ ಗತಿ ಬೇರೆಯಾಯಿತು. 1951ರ ಡಿಸೆಂಬರ್ 25ರಂದು ಬಜಪೆಯ ವಿಮಾನ ನಿಲ್ದಾಣ ತೆರೆಯಿತು. ಜವಾಹರಲಾಲ್ ನೆಹರೂ ಬಂದಿಳಿದರು. ಬೇಸಾಯಕ್ಕೆ ಬಾರದ ಗುಡ್ಡೆಯ ನೆತ್ತಿ ಒಂದೇ ದಿನದಲ್ಲಿ ಊರಿನ ಅತಿ ಬೆಲೆಬಾಳುವ ನೆಲವಾಯಿತು. ಮೊದಲ ರನ್‌ವೇ 1,615 ಮೀಟರಿನದು. 2006ರಲ್ಲಿ 2,450 ಮೀಟರಿನ ಎರಡನೆಯದು ಬಳಕೆಗೆ ಬಂತು, 2010ರ ಮೇ ತಿಂಗಳಲ್ಲಿ ಕೆಂಜಾರು ಕಡೆ ಹೊಸ ಟರ್ಮಿನಲ್. ಅದೇ ತಿಂಗಳ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಹೋದರು. ಗುಡ್ಡೆ ಎಲ್ಲಿ ಮುಗಿಯುತ್ತದೆ, ಅದರ ಬುಡದಲ್ಲಿ ಏನಿದೆ ಎಂಬುದು ಆ ದಿನದ ತನಕ ಊರಿನವರಿಗೆ ಮಾತ್ರ ತಿಳಿದ ಸಂಗತಿಯಾಗಿತ್ತು.

ವಿಮಾನ ನಿಲ್ದಾಣ ತನ್ನ ಬೇಲಿಯ ಹೊರಗೂ ವಲಯ ಹಾಕಿತು. 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ಅಗತ್ಯವಿದ್ದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ತರಬೇಕು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಆ ಲೆಕ್ಕ ಕಟ್ಟಡ ಎಷ್ಟು ಮಾಳಿಗೆಯದು ಎಂಬಷ್ಟಕ್ಕೇ ನಿಲ್ಲುವುದಿಲ್ಲ, ಸಮುದ್ರ ಮಟ್ಟದಿಂದ ಅದರ ತುದಿ ಎಷ್ಟು ಎತ್ತರ ಎಂಬುದು ಮುಖ್ಯ. ಅಂದರೆ ಬೈಲಿನಲ್ಲಿ ಐದು ಮಾಳಿಗೆಗೆ ಸಿಗುವ ಅನುಮತಿ ಪದವಿನ ಅಂಚಿನಲ್ಲಿ ಎರಡಕ್ಕೆ ಸಿಗದಿರಬಹುದು. ಬೈಲು, ಮಜಲು, ಬೆಟ್ಟು ಎಂಬ ಹಳೆಯ ವಿಂಗಡಣೆ ಹೀಗೆ ಮತ್ತೆ ಬಂತು, ತಲೆಕೆಳಗಾಗಿ: ಮನೆ ಕಟ್ಟಬಾರದೆಂದು ಬಿಟ್ಟಿದ್ದ ತಗ್ಗಿಗೇ ಈಗ ಎತ್ತರದ ಕಟ್ಟಡದ ಯೋಗ.

ಪಶ್ಚಿಮದ ಕಡೆಯಿಂದ ಬಂದ ಗೆರೆ ಕೈಗಾರಿಕೆಯದು. ಪಣಂಬೂರಿನ ಬಂದರಿಗಾಗಿ ಒಕ್ಕಲೆಬ್ಬಿಸಲಾದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕೊಟ್ಟದ್ದು ಈ ಭಾಗದ ಮೊದಲ ದೊಡ್ಡ ಪುನರ್ವಸತಿ. ಆಮೇಲೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಮತ್ತೆ ಮಂಗಳೂರು ವಿಶೇಷ ಆರ್ಥಿಕ ವಲಯ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರ ತನ್ನ ಕಾಯ್ದೆಯ 28ನೇ ಕಲಮಿನಡಿ ನೋಟೀಸು ಹೊರಡಿಸಿದರೆ, ಆ ಸರ್ವೆ ನಂಬ್ರಕ್ಕೆ ಯೋಜನಾ ನಕ್ಷೆಯ ಹಳದಿ, ಹಸಿರು ಎಂಬ ಬಣ್ಣಗಳು ಲೆಕ್ಕಕ್ಕಿಲ್ಲ. ಬಜಪೆ, ಕಳವಾರು, ಪೆರ್ಮುದೆಯ ಮೊದಲ ಹಂತದ ಜಮೀನು ಹೋಯಿತು. ಎರಡನೇ ಹಂತಕ್ಕೆ ಗುರುತಿಸಿದ್ದ ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು, ದೇಲಂತಬೆಟ್ಟಿನ 2,035 ಎಕರೆಯನ್ನು ಕೃಷಿಕರು ಬಿಟ್ಟುಕೊಡಲಿಲ್ಲ. ಪೇಜಾವರದ ವಿಶ್ವೇಶತೀರ್ಥರೂ ಅವರ ಜೊತೆ ನಿಂತರು. 2011ರಲ್ಲಿ ಸರ್ಕಾರ ಆ ಜಮೀನನ್ನು ಅಧಿಸೂಚನೆಯಿಂದ ಕೈಬಿಟ್ಟಿತು. ಈ ಪ್ರದೇಶದಲ್ಲಿ ನೆಲದ ಬಳಕೆಯ ನಿರ್ಧಾರವೊಂದನ್ನು ಅಲ್ಲಿ ಬಾಳುವವರೇ ಬದಲಿಸಿದ ನಿದರ್ಶನ ಅದು. ಹಾಗೆ ಉಳಿದ ಗದ್ದೆಗಳ ಕಟ್ಟಪುಣಿಯ ಮೇಲೆ ನಡೆಯುವುದೇ ಒಂದು ಸಮಾಧಾನ.

ಈಗ ಕಚೇರಿಗೆ ಬರೋಣ. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮು, ನಿವೇಶನ ವಿಭಜಿಸುವವರು, ಬಡಾವಣೆ ಮಾಡುವವರು ಯೋಜನಾ ಪ್ರಾಧಿಕಾರದ ಅನುಮತಿ ಪಡೆಯಬೇಕೆನ್ನುತ್ತದೆ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ಮಂಗಳೂರಿಗೆ ಪ್ರಾಧಿಕಾರ ಬಂತು. ಜನ ಅದನ್ನು ಮೂಡಾ ಎನ್ನುತ್ತಾರೆ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಇನ್ನೊಂದು ಕಡೆ, ಭೂಪರಿವರ್ತನೆ ಕಂದಾಯ ಇಲಾಖೆಯ ಕೈಯಲ್ಲಿ. ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ದಕ್ಷಿಣ ಕನ್ನಡಕ್ಕೆಂದೇ ಒಂದು ಉಪಕಲಮು ಸೇರಿತು: ಡಿಕ್ಲರೇಶನ್ ಮೂಲಕ ಬಂದದ್ದಲ್ಲದ ಜಮೀನಿನ ಹಿಡುವಳಿದಾರ ತಹಶೀಲ್ದಾರರಿಗೆ ಮುಂಚಿತ ನೋಟೀಸು ಕೊಟ್ಟು, ನಿಗದಿಯಾದ ದಂಡ ಕಟ್ಟಿ ಅದನ್ನು ಬೇರೆ ಬಳಕೆಗೆ ತಿರುಗಿಸಬಹುದು. ಚದುರಿದ ಮನೆಗಳ ಈ ಜಿಲ್ಲೆಗೆ ಅದು ಅನುಕೂಲವೇ ಆಗಿತ್ತು. ಆದರೆ ಒಂದೊಂದೇ ತಾಕು ಹೀಗೆ ತಿರುಗಿದಾಗ ಇಡೀ ಬೈಲು ಏನಾಗುತ್ತದೆಂದು ನೋಡುವ ಕಣ್ಣು ಅದರಲ್ಲಿರಲಿಲ್ಲ.

ಬಡಾವಣೆ ಎಂದರೆ ರಸ್ತೆ ಬಿಡಬೇಕು, ಉದ್ಯಾನಕ್ಕೆ, ಸಾರ್ವಜನಿಕ ಬಳಕೆಗೆ ನೆಲ ಬಿಡಬೇಕು. ಅರ್ಧ ಎಕರೆಯ ಮಾಲಿಕ ಇದನ್ನೆಲ್ಲ ಬಿಟ್ಟರೆ ಉಳಿಯುವುದೆಷ್ಟು? ಹಾಗಾಗಿ ಇಲ್ಲಿ ಬೆಳೆದ ರೂಢಿ ಏಕ ನಿವೇಶನದ್ದು. ಈ ವರ್ಷ ಐದು ಸೆಂಟ್ಸ್ ಮಗಳಿಗೆ, ಮುಂದಿನ ವರ್ಷ ಆರು ಸೆಂಟ್ಸ್ ಆಸ್ಪತ್ರೆಯ ಸಾಲಕ್ಕೆ. ಪ್ರತಿಯೊಂದಕ್ಕೂ ತುಂಡು ಗುರುತಿಸುವ 11ಇ ನಕ್ಷೆ, ಕನ್ವರ್ಶನ್, ಆಮೇಲೆ ಪಂಚಾಯತಿನ ನಮೂನೆ 9 ಮತ್ತು 11. ಅದಕ್ಕೆ ಜನರಿಟ್ಟ ಹೆಸರು ‘ನೈನ್ ಇಲೆವನ್’. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಹತ್ತು ವರ್ಷ ಕಳೆದ ಮೇಲೆ ಅಲ್ಲಿ ಮನೆಗಳ ಬಡಾವಣೆಯೇ ಇರುತ್ತದೆ, ಒಂದೂ ಚರಂಡಿ ಇರುವುದಿಲ್ಲ.

ಐದು ಸೆಂಟ್ಸ್ ಎಂದರೆ 2,178 ಚದರಡಿ. ಅದರಲ್ಲಿ ಮನೆ, ಅಂಗಳ, ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಶೌಚದ ಗುಂಡಿ. ನಮ್ಮ ಬಾವಿಗೂ ನಮ್ಮ ಗುಂಡಿಗೂ ಅಂತರ ಉಳಿಯಿತೆಂದುಕೊಂಡರೂ ಪಕ್ಕದವರ ಗುಂಡಿ ಬೇಲಿಯ ಆಚೆಗೇ ಇರುತ್ತದೆ. ಮುರಕಲ್ಲು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ಅದರೊಳಗೆ ನೀರು ಎತ್ತ ಬೇಕಾದರೂ ಹರಿಯುತ್ತದೆ. ನಿವೇಶನದ ಅಳತೆಯನ್ನು ಆರ್‌ಟಿಸಿಯ ಬದಲು ಈ ಬಾವಿಯಿಂದ ಶುರುಮಾಡಿದ್ದರೆ ಕನಿಷ್ಠ ವಿಸ್ತೀರ್ಣದ ಲೆಕ್ಕವೇ ಬೇರೆಯಾಗುತ್ತಿತ್ತು.

ಈಚಿನ ವರ್ಷಗಳಲ್ಲಿ ಬಜಪೆ ಗ್ರಾಮ ಪಂಚಾಯತಿನಿಂದ ಪಟ್ಟಣ ಪಂಚಾಯತಿಗೆ ಏರಿತು. ಪಕ್ಕದ ಮಳವೂರೂ ಅದರೊಳಗೆ ಸೇರಿತು. ಕಟ್ಟಡದ ಪರವಾನಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಿಂದ ಪುರಸಭೆಗಳ ಕಾಯ್ದೆಯ ಕಡೆಗೆ ಹೊರಳಿತು. 9 ಮತ್ತು 11ರ ಜಾಗದಲ್ಲಿ ಈಗ ನಮೂನೆ 3. ಸರ್ಕಾರಿ ನೆಲದಲ್ಲಿ ಮನೆ ಕಟ್ಟಿಕೊಂಡವರ ಸಕ್ರಮದ ಕಲಮೂ ಹಳ್ಳಿಗೆ 94ಸಿ, ಪಟ್ಟಣಕ್ಕೆ 94ಸಿಸಿ. ಮನೆ ಕದಲಲಿಲ್ಲ, ಅದರ ಕಾಗದ ಮಾತ್ರ ಊರು ಬದಲಾಯಿಸಿತು.

ಕ್ರಯಪತ್ರಗಳ ಕೊನೆಯ ಪುಟದ ಷೆಡ್ಯೂಲಿನಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಇರುತ್ತದೆ. ಬರಹಗಾರರು ಹಿಂದಿನ ಪತ್ರದಿಂದ ಅದನ್ನು ಯಥಾವತ್ತಾಗಿ ನಕಲು ಮಾಡುತ್ತಾರೆ, ಹಿಂದಿನವರು ಅದರ ಹಿಂದಿನದರಿಂದ. ಕಾಂಪೌಂಡು ಗೋಡೆಗಳ ನಡುವೆ ಕಾರೊಂದು ಕಷ್ಟದಲ್ಲಿ ತಿರುಗುವಷ್ಟು ಜಾಗವಿರುವ ನಿವೇಶನದ ಹೊಸ ಪತ್ರದಲ್ಲೂ ಹೀಗೆ ಬರೆದಿರುತ್ತದೆ: ಮೂಡು: ಕಟ್ಟಪುಣಿ; ತೆಂಕು: ನೀರು ಹರಿಯುವ ತೋಡು; ಪಡು: ವರ್ಗದ ಕುಮ್ಕಿ; ಬಡಗು: ಇದೇ ಸರ್ವೆ ನಂಬ್ರದ ಉಳಿಕೆ ಜಾಗ.