ಮಲಪ್ರಭೆಯ ಎರಡು ನಾವೆಗಳು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಮಗ್ಗುಲಲ್ಲೇ ಹರಿದು, ಬಯಲುನಾಡನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯೊಳಗೆ ಲೀನವಾಗುವ ಮಲಪ್ರಭೆಯನ್ನು ನಂಬಿ ಬಾಳಿದ ಅಂಬಿಗನೂ ಬೆಸ್ತನೂ ನಾವೆಯನ್ನು ಕೊಳ್ಳಹೊರಟಾಗ ವಿಚಾರಿಸಬೇಕಾಗಿದ್ದುದು ಒಂದೇ ಪ್ರಶ್ನೆ: ಬಿದಿರು ತೊಗಲುಗಳ ಹರಿಗೋಲೋ, ಮರದ ದೋಣಿಯೋ? ಹೊಸದನ್ನು ಕಟ್ಟಿಸುವ ಅನುಕೂಲವಿಲ್ಲದವನು ಇನ್ನೊಬ್ಬನು ಬಳಸಿದ ನಾವೆಯನ್ನೇ ಪರೀಕ್ಷಿಸಿ ಕೊಳ್ಳಬೇಕು. ಈ ಆಯ್ಕೆಯನ್ನು ಅವನ ಹಣಕ್ಕಿಂತ ಹೆಚ್ಚಾಗಿ ನದಿಯ ಸ್ವಭಾವವೇ ನಿರ್ಣಯಿಸುತ್ತಿತ್ತೆಂದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಿಗೆಯಲ್ಲಿ ಬಂಡೆಗಳ ನಡುವಣ ಮಡುಗಳಾಗಿ ಒಡೆದುಹೋಗುವ ಇಂತಹ ಹೊಳೆಗೆ ಹರಿಗೋಲಿಗಿಂತ ಯೋಗ್ಯವಾದ ಸಾಧನವಿಲ್ಲ. ಸೀಳಿದ ಬಿದಿರಿನ ದಬ್ಬೆಗಳನ್ನು ಗುಂಡಗೆ ಹೆಣೆದು, ಅಂಚನ್ನು ಬಿಗಿದು, ಹೊರಮೈಗೆ ಹದಮಾಡಿದ ತೊಗಲನ್ನು ಹೊದಿಸಿದರಾಯಿತು. ಗೇಣುದ್ದದ ನೀರಿನಲ್ಲಿಯೂ ಅದು ತೇಲುವುದು, ಬಂಡೆಗೆ ತಾಗಿದರೆ ಬಳುಕಿ ಹಿಂದೆ ಸರಿಯುವುದು, ನೀರಿಲ್ಲದೆಡೆಯಲ್ಲಿ ಒಬ್ಬನ ತಲೆಯ ಮೇಲೇರಿ ಮುಂದಿನ ಮಡುವನ್ನು ಸೇರುವುದು. ಬಳಸಿದ ಹರಿಗೋಲನ್ನು ಕೊಳ್ಳುವಾಗ ಅದನ್ನು ಬಿಸಿಲಿನಲ್ಲಿ ಬೋರಲು ಹಾಕಿ ಒಳಹೊಕ್ಕು ನೋಡಬೇಕು. ತೊಗಲಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಅದನ್ನು ತೋರಿಸುತ್ತದೆ. ಆಮೇಲೆ ದಬ್ಬೆಗಳನ್ನು ಅಂಗಾಲಿನಿಂದ ಒತ್ತಿ ನೋಡಬೇಕು. ಒಣಗಿಸದೆ ಕೆಡಹಿದ್ದ ಹರಿಗೋಲು ಕೊಳೆತ ವಾಸನೆಯಿಂದಲೇ ತನ್ನ ಒಡೆಯನ ಆಲಸ್ಯವನ್ನು ಸಾರುತ್ತದೆ.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯ ಮೇಲೆ ಹದಿನೈದಿಪ್ಪತ್ತು ಜನರನ್ನು ಹೊರುವ, ತೊಗಲು ಹೊದಿಸಿದ, ನೇರವಾಗಿ ಸಾಗಲಾರದೆ ಸುತ್ತುತ್ತಲೇ ಹೋಗುವ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. 1800ರ ಮಳೆಗಾಲದಲ್ಲಿ ದಂಗೆಕೋರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮಲಪ್ರಭೆಯ ದಡಕ್ಕೆ ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯು ತುಂಬಿದ ಹೊಳೆಗಳ ಪ್ರತಾಪವನ್ನು ಕಂಡಿದ್ದನು. 1803ರ ಮರಾಠಾ ಯುದ್ಧದಲ್ಲಿ ಅವನು ಸೈನ್ಯಕ್ಕಾಗಿ ಇಂತಹ ಬುಟ್ಟಿದೋಣಿಗಳನ್ನೇ ಕಟ್ಟಿಸಿದನು. ಆದರೆ ಸೇನಾನಿಗಳ ಹೆಸರಿಗಿಂತ ಮೊದಲು ನೆನೆಯತಕ್ಕವರು ಬೇರೆ ಇದ್ದಾರೆ. ದೋಣಿಯ ಕಾಯಕದ ಅಂಬಿಗರ ಚೌಡಯ್ಯನು ತುಂಗಭದ್ರೆಯ ದಡದ ಚೌಡದಾನಪುರದವನು. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನ ಸಮಾಧಿ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿದೆ. ಹರಿಗೋಲಿಗೆ ಬೇಕಾದ ಈ ಎರಡು ಕಾಯಕಗಳೂ ಹನ್ನೆರಡನೆಯ ಶತಮಾನದ ಶರಣರಲ್ಲಿ ಇಷ್ಟು ಗೌರವವನ್ನು ಪಡೆದದ್ದು ಈ ನಾಡಿನ ಹೆಮ್ಮೆಯೆಂದೇ ನಾನು ಭಾವಿಸುತ್ತೇನೆ.

ಮರದ ದೋಣಿಗೆ ಆಳವಾದ, ನಿಂತ ನೀರು ಬೇಕು. 1972ರಲ್ಲಿ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟು ಮುಗಿದು ರೇಣುಕಾಸಾಗರವು ಹರಡಿಕೊಂಡ ಮೇಲೆ ಕೆಳಹೊಳೆಯ ಬೆಸ್ತನಿಗೆ ಅಂತಹ ನೀರು ದೊರೆಯಿತು. ಮೇಲ್ಹೊಳೆ ಮೊದಲಿನಂತೆಯೇ ಉಳಿಯಿತು.

ದೋಣಿಗೆ ಮರವೇ ಆಗಬೇಕೆಂದಿಲ್ಲ, ಲೋಹವೂ ಆದೀತು. ಅಣೆಕಟ್ಟು ಮುಗಿದ ಕಾಲದ ಸುಮಾರಿಗೆ ಬೆಳಗಾವಿಯಲ್ಲಿ ಇಂಡಾಲ್ ಕಂಪನಿಯ ಅಲ್ಯೂಮಿನಿಯಂ ಕಾರ್ಖಾನೆ ಆರಂಭವಾಯಿತು. ಎರಡನೆಯ ಮಹಾಯುದ್ಧ ಮುಗಿಯುತ್ತಲೇ ಅಮೆರಿಕದ ವಿಮಾನ ಕಾರ್ಖಾನೆಯೊಂದು ಇದೇ ಲೋಹದ ತಗಡಿನಿಂದ ಹಗುರವಾದ ದೋಣಿಗಳನ್ನು ಮಾಡತೊಡಗಿತ್ತು. ಅಂತಹ ಬಳಸಿದ ದೋಣಿಗಳೆರಡರಲ್ಲಿ ಒಂದನ್ನು ಆರಿಸಬೇಕಾದವನಿಗೂ ಅಂಬಿಗನ ವಿವೇಕವೇ ದಾರಿ: ದೋಣಿಯನ್ನು ದಡದ ಮೇಲಿಟ್ಟು ಒಳಗೆ ನೀರು ಹೊಯ್ದರೆ ಸಡಿಲವಾದ ರಿವೆಟ್ಟುಗಳ ಬಳಿ ಹನಿ ಒಸರುತ್ತದೆ. ಲೋಹಕ್ಕೆ ಕೊಳೆಯುವ ಭಯವಿಲ್ಲ, ನಿಜ. ಆದರೆ ಬಂಡೆಗೆ ಬಡಿದು ಹರಿದ ತಗಡನ್ನು ಹೊಳೆಯ ದಡದಲ್ಲಿ ಕುಳಿತು ಸರಿಪಡಿಸಲಾಗದು, ಹರಿಗೋಲನ್ನಾದರೆ ಸೂಜಿ, ದಾರ, ತೊಗಲ ತುಂಡುಗಳಿಂದ ಸಂಜೆಯೊಳಗೆ ನೀರಿಗಿಳಿಸಬಹುದು. ಖಾನಾಪುರದ ಹೊಳೆಗೆ ಇಂದಿಗೂ ಹರಿಗೋಲೇ ಮೇಲು. ಸವದತ್ತಿಯ ಜಲಾಶಯಕ್ಕೆ ದೋಣಿಯೇ ಸರಿ.

ಹರಿಗೋಲು ಹೆಣೆಯಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ, ದಬ್ಬೆಯ ಅಳತೆ, ಹೆಣಿಗೆಯ ಕ್ರಮ, ತೊಗಲಿನ ಹದ ಇವನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿರೆಂದು ಬೆಳಗಾವಿ, ಖಾನಾಪುರಗಳ ವಾಚಕರನ್ನು ಪ್ರಾರ್ಥಿಸುತ್ತೇನೆ.