ಚಮಚದಲ್ಲಿ ಕಂಡ ಕಿಡ್ನಿ

ಲಂಡನ್ನಿನ ಗೈಸ್ ಆಸ್ಪತ್ರೆಗೆ ಮೈ ಬಾತುಕೊಂಡು ಬಂದವರ ಮೂತ್ರವನ್ನು ಡಾಕ್ಟರ್ ರಿಚರ್ಡ್ ಬ್ರೈಟ್ ಚಮಚದಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಹಿಡಿಯುತ್ತಿದ್ದರು. ಕೆಲವರ ಮೂತ್ರ ಕಾಯುತ್ತಿದ್ದಂತೆ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುತ್ತಿತ್ತು. ಅಂಥವರು ತೀರಿಕೊಂಡ ಮೇಲೆ ಶವ ಬಗೆದು ನೋಡಿದರೆ ಕಿಡ್ನಿಗಳು ಹಾಳಾಗಿರುತ್ತಿದ್ದವು. 1827ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಬಾವನ್ನೇ ರೋಗವೆಂದುಕೊಂಡಿದ್ದ ವೈದ್ಯರಿಗೆ ಅದರ ಒಂದು ಬೇರು ಸೊಂಟದ ಮೇಲ್ಗಡೆ, ಬೆನ್ನಿನೊಳಗೆ ಇದೆಯೆಂದು ಗೊತ್ತಾಯಿತು.

ಹೀಗೆ ಹೆಪ್ಪುಗಟ್ಟುವ ಪ್ರೊಟೀನು ಸೋರುವುದು ಎಲ್ಲಿ? ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ 1666ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಿಡ್ನಿಯೊಳಗಿನ ರಕ್ತನಾಳಗಳ ಪುಟ್ಟ ಉಂಡೆಗಳನ್ನು ಕಂಡಿದ್ದರು. ಪ್ರತಿಯೊಂದು ಉಂಡೆಯೂ ಒಂದು ಸಣ್ಣ ಕೊಳವೆಯ ಬಾಯಲ್ಲಿ ಕೂತಿದೆಯೆಂದು 1842ರಲ್ಲಿ ವಿಲಿಯಂ ಬೌಮನ್ ತೋರಿಸಿದರು. ಉಂಡೆ, ಕೊಳವೆ ಸೇರಿದ್ದೇ ನೆಫ್ರಾನ್; ಒಂದೊಂದು ಕಿಡ್ನಿಯಲ್ಲೂ ಇಂಥವು ಸುಮಾರು 10 ಲಕ್ಷ. ಉಂಡೆ ನಿಜಕ್ಕೂ ಸೋಸುತ್ತದೆಯೇ ಎಂಬ ವಾದ ಮಾತ್ರ 1920ರ ದಶಕದವರೆಗೂ ಎಳೆದಾಡಿತು. ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ಸ್ ಮತ್ತು ವರ್ನ್, ಕೂದಲಿಗಿಂತ ತೆಳುವಾದ ಗಾಜಿನ ನಳಿಕೆಯನ್ನು ಕಪ್ಪೆಯ ಕಿಡ್ನಿಗೆ ಚುಚ್ಚಿ, ಉಂಡೆಯಿಂದ ಇಳಿದ ರಸವನ್ನು ಹೀರಿ ತೆಗೆದರು. ಅದರಲ್ಲಿ ಪ್ರೊಟೀನು ಇರಲಿಲ್ಲ, ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿ ಸಕ್ಕರೆಯೂ ಇರಲಿಲ್ಲ. ಅಂದರೆ ಉಂಡೆ ಪ್ರೊಟೀನನ್ನು ತಡೆದು ಸೋಸುತ್ತದೆ, ಕೊಳವೆ ಸಕ್ಕರೆಯನ್ನು ವಾಪಸು ಎಳೆದುಕೊಳ್ಳುತ್ತದೆ. ಉಂಡೆ ಹಾಳಾದರೆ ಪ್ರೊಟೀನು ಸೋರುತ್ತದೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ನನಗೆ ಕಂಡಿಲ್ಲ.

ಹಬ್ಬಕ್ಕೆ ಮನೆ ತೊಳೆಯುವವರು ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನಷ್ಟೇ ಒಳಗೆ ತರುವುದಿಲ್ಲವೇ? ಕಿಡ್ನಿಯದೂ ಅದೇ ರೀತಿ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ನೀರು, ಉಪ್ಪು, ಸಕ್ಕರೆಯನ್ನು ಮತ್ತೆ ಒಳಗೆಳೆದುಕೊಂಡು ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಡುತ್ತದೆ.

ಕಿಡ್ನಿ ಕಲ್ಲು ಬಂದವರು ನೋವಿಗೆ ಉರುಳಾಡುತ್ತ ಅದೇ ರಾತ್ರಿ ಆಸ್ಪತ್ರೆ ಸೇರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿಗಳಿಂದ ಸವೆಯುವ ಕಿಡ್ನಿ ವರ್ಷಗಟ್ಟಲೆ ಸದ್ದೇ ಮಾಡುವುದಿಲ್ಲ. ಸುಮಾರು ಅರ್ಧ ಶಕ್ತಿ ಹೋಗುವವರೆಗೂ ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಎಷ್ಟೋ ಸಲ ನಾರ್ಮಲ್ ಎಂದೇ ಬರುತ್ತದೆ. ಕಾಲು ಊದಿ, ಊಟ ಸೇರದೆ, ವಾಂತಿ ಶುರುವಾದಾಗ ಬಹುಪಾಲು ಕೈಮೀರಿರುತ್ತದೆ. ಡಾಕ್ಟರನ್ನು ಕೇಳದೆ ದಿನಾ ನುಂಗುವ ನೋವಿನ ಮಾತ್ರೆಯೂ ಈ ಸವೆತಕ್ಕೆ ಕೈಜೋಡಿಸುತ್ತದೆ.

ಕೈಮೀರಿದವರಿಗೆ ದಾರಿ ತೆರೆದವರು ವಿಲೆಮ್ ಕೋಲ್ಫ್. ನಾಜಿಗಳ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ 1943ರಲ್ಲಿ ಅವರು ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಪೀಪಾಯಿಯಂಥ ಉರುಳೆಗೆ ಸುತ್ತಿ ಡಯಾಲಿಸಿಸ್ ಯಂತ್ರ ಕಟ್ಟಿದರು. ಮೊದಮೊದಲ ರೋಗಿಗಳು ಒಬ್ಬೊಬ್ಬರಾಗಿ ತೀರಿಹೋದರು. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಬದುಕಿ ಎದ್ದರು. ಆದರೂ ಪ್ರತಿಸಲದ ಡಯಾಲಿಸಿಸ್‌ಗೂ ಹೊಸ ರಕ್ತನಾಳ ಬೇಕಿತ್ತು. 1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ಕೈಯಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಹಾಕಿದರು. 1966ರಲ್ಲಿ ಫಿಸ್ಟುಲಾ ಬಂತು. ಮುಂಗೈಯ ಅಪಧಮನಿಗೆ ಸಿರೆಯನ್ನು ಹೊಲಿದ ಜಾಗವದು. ಬೆರಳಿಟ್ಟರೆ ಚರ್ಮದಡಿ ದುಂಬಿ ಗುಂಯ್‌ಗುಟ್ಟಿದಂತೆ ರಕ್ತ ನಡುಗುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ಮೂರು ಸಲ, ನಾಲ್ಕು ನಾಲ್ಕು ಗಂಟೆ ಮಲಗುವವರ ಜೀವ ಆ ನಡುಕದ ಮೇಲೆ ನಿಂತಿದೆ. ಕಿಡ್ನಿ ಕಸಿ 1954ರಲ್ಲಿ ಬಾಸ್ಟನ್ನಿನ ಅವಳಿ ಸಹೋದರರ ನಡುವೆ ಗೆದ್ದಿತು, 1971ರಲ್ಲಿ ವೆಲ್ಲೂರಿಗೂ ಬಂತು. ಕಿಡ್ನಿ ಕೊಡುವವರು ಮಾತ್ರ ಇಂದಿಗೂ ಸಾಲರು.

ಈಚಿನ ಹೆಜ್ಜೆಯ ಬೇರು ಸೇಬಿನ ಮರದಲ್ಲಿದೆ. ಅದರ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ವಸ್ತು, ಸೋಸಿದ ಸಕ್ಕರೆಯನ್ನು ಕಿಡ್ನಿ ವಾಪಸು ಎಳೆದುಕೊಳ್ಳದಂತೆ ತಡೆಯುತ್ತದೆ. ಅದೇ ಜಾಡಿನಲ್ಲಿ ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಮಾತ್ರೆಗಳು ಕಿಡ್ನಿಯ ಸವೆತವನ್ನೂ ನಿಧಾನಗೊಳಿಸುತ್ತವೆಂದು 2019 ಮತ್ತು 2020ರ ದೊಡ್ಡ ಪ್ರಯೋಗಗಳು ತೋರಿಸಿದವು. ಕಿಡ್ನಿಯಲ್ಲಿ ಉಳಿಸಿಕೊಳ್ಳಲು ಇನ್ನೂ ಶಕ್ತಿ ಇರುವಾಗಲೇ ಅವನ್ನು ಶುರುಮಾಡಬೇಕು. ಅದಕ್ಕೆ ಸೋರಿಕೆ ಮೊದಲೇ ಗೊತ್ತಾಗಬೇಕು. ತಿಂಗಳು ತಿಂಗಳು ರಕ್ತದ ಸಕ್ಕರೆ ನೋಡಿಸುವವರಲ್ಲೂ ಮೂತ್ರಕ್ಕೆ ಸೋರುವ ಆಲ್ಬುಮಿನ್ ಎಂಬ ಪ್ರೊಟೀನನ್ನು ಒಮ್ಮೆಯೂ ನೋಡಿಸದವರು ಎಷ್ಟೋ ಮಂದಿ. ಈಗ ಅದಕ್ಕೆ ಮೇಣದಬತ್ತಿ ಬೇಡ, ಬಾಟಲಿಯಲ್ಲಿ ಹಿಡಿದುಕೊಟ್ಟ ಬೆಳಗಿನ ಮೂತ್ರ ಸಾಕು.